ಬಿಸಿಲು ನಾಡಿಗೆ ಎಂಥ ಬಿ.ಎಂ.ಸಿ. ಬೇಕು?
ಹಾಲಿನ ಶಾಖ ಎತ್ತುವ ಯಂತ್ರದ ಆಯ್ಕೆ: ಸಂಘಗಳು ತಿಳಿದಿರಬೇಕಾದ ವಿಷಯಗಳು



ಹಾಲು ಕೆಚ್ಚಲಿನಿಂದ ಹೊರಬಂದಾಗ ಅದರ ಉಷ್ಣತೆ ಸುಮಾರು 37 ಡಿಗ್ರಿ ಇರುತ್ತದೆ. ಡೇರಿಗೆ ಅದು 4 ಡಿಗ್ರಿಯಲ್ಲಿ ಬೇಕು. ಈ ಎರಡು ಅಂಕಿಗಳ ನಡುವೆ ನಿಮ್ಮ ದುಡಿಮೆಯ ಬೆಲೆ ನಿಂತಿದೆ. ಅಬ್ಬೆತುಮಕೂರಿನಂತಹ ಊರಿನಲ್ಲಿ ಮುಂಜಾನೆ ಕರೆದ ಹಾಲು ಕಲಬುರಗಿಯ ಡೇರಿ ಮುಟ್ಟಬೇಕಾದರೆ ಯಾದಗಿರಿಯಿಂದಲೇ ಎಪ್ಪತ್ತು ಎಂಬತ್ತು ಕಿಲೋಮೀಟರ್ ದಾರಿ ಸವೆಸಬೇಕು. ಶಹಾಪುರ, ಸುರಪುರದ ಕಡೆಯ ಊರುಗಳಿಗೆ ಇನ್ನೂ ದೂರ. ಬೇಸಿಗೆಯಲ್ಲಿ ಕ್ಯಾನಿನಲ್ಲಿಯೇ ಇಷ್ಟು ದೂರ ಹೋದ ಹಾಲು ಕಾಯಿಸಿದಾಗ ಒಡೆದರೆ ನಷ್ಟ ಇಡೀ ಸಂಘದ್ದು.

ಈ ಕಾರಣದಿಂದ ಊರಿನಲ್ಲಿಯೇ ಹಾಲನ್ನು ತಂಪು ಮಾಡುವ ಸಾಂದ್ರ ಶೀತಲೀಕರಣ ಘಟಕ, ಅಂದರೆ ನಾವೆಲ್ಲ ಬಿ.ಎಂ.ಸಿ. ಎಂದು ಕರೆಯುವ ಯಂತ್ರ, ಬೇಕೆಂದು ಅನೇಕ ಸಂಘಗಳು ಕೇಳುತ್ತಿವೆ. ಬೇಡಿಕೆ ಸರಿಯಾದದ್ದೇ. ಆದರೆ ಯಂತ್ರ ಕೊಳ್ಳುವಾಗ ಹೆಚ್ಚಿನ ಸಂಘಗಳು ಕೇಳುವ ಪ್ರಶ್ನೆ ಎರಡೇ: ಎಷ್ಟು ಲೀಟರಿನದು, ಎಷ್ಟು ರೂಪಾಯಿ? ನಮ್ಮ ಭಾಗಕ್ಕೆ ಇವೆರಡೂ ಸಾಲವು. ಎಷ್ಟು ಬಿಸಿಲಿನಲ್ಲಿ, ಎಷ್ಟು ಹೊತ್ತಿನಲ್ಲಿ ತಂಪು ಮಾಡುತ್ತದೆ ಎಂಬುದನ್ನು ಮೊದಲು ಕೇಳಬೇಕು. ಏಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಾಲು ಏಕೆ ಬೇಗ ಕೆಡುತ್ತದೆ?

ಎಷ್ಟೇ ಸ್ವಚ್ಛವಾಗಿ ಕರೆದರೂ ಹಾಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಸೇರಿರುತ್ತವೆ. ಹೊಸದಾಗಿ ಕರೆದ ಹಾಲಿಗೆ ಅವುಗಳನ್ನು ತಡೆಯುವ ಗುಣ ಸ್ವಾಭಾವಿಕವಾಗಿಯೇ ಇದೆ. ಆದರೆ ಸೆಕೆಯ ದಿನಗಳಲ್ಲಿ ಅದು ಎರಡು ಮೂರು ತಾಸಿಗಿಂತ ಹೆಚ್ಚು ಬಾಳುವುದಿಲ್ಲ. ಅನಂತರ ಸೂಕ್ಷ್ಮಾಣುಗಳು ಬೆಚ್ಚಗಿನ ಹಾಲಿನಲ್ಲಿ ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಲೆಕ್ಕ ಹಿಡಿದರೂ, ಒಂದು ಇದ್ದದ್ದು ನಾಲ್ಕು ತಾಸಿನಲ್ಲಿ 256 ಆಗುತ್ತದೆ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಡುತ್ತವೆ. ಹುಳಿ ಏರಿದ ಹಾಲು ಕಾಯಿಸಿದಾಗ ಒಡೆಯುತ್ತದೆ.

4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ. ತಂಪು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಆಗಲೇ ಹುಳಿ ಹಿಡಿದ ಹಾಲನ್ನು ಯಾವ ಯಂತ್ರವೂ ಸರಿ ಮಾಡಲಾರದು.

ಯಂತ್ರ ಮಾಡುವ ಕೆಲಸ: ಶಾಖದ ಪಂಪು

ಬಿ.ಎಂ.ಸಿ. ತಂಪನ್ನು ತಯಾರಿಸುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ಅದು ಹಾಲಿನಲ್ಲಿರುವ ಶಾಖವನ್ನು ಎತ್ತಿ ಹೊರಗಿನ ಗಾಳಿಗೆ ಚೆಲ್ಲುತ್ತದೆ. ಬಾವಿಗೆ ಪಂಪ್‌ಸೆಟ್ ಕೂಡಿಸಿದಂತೆಯೇ ಇದು. ಪಂಪ್‌ಸೆಟ್ ನೀರನ್ನು ತಯಾರಿಸುವುದಿಲ್ಲ, ಕೆಳಗಿನ ನೀರನ್ನು ಮೇಲಕ್ಕೆ ಎತ್ತುತ್ತದೆ. ಹಾಗೆಯೇ ಈ ಯಂತ್ರ ತಂಪಾದ ಕಡೆಯ ಶಾಖವನ್ನು ಬಿಸಿಯಾದ ಕಡೆಗೆ ಎತ್ತುತ್ತದೆ. ಈ ಕಾರಣಕ್ಕೆ ಇಂಥ ಯಂತ್ರಗಳಿಗೆ ಹೀಟ್ ಪಂಪ್, ಅಂದರೆ ಶಾಖದ ಪಂಪು, ಎಂಬ ಹೆಸರಿದೆ.

ಒಳಗೆ ನಾಲ್ಕು ಮುಖ್ಯ ಭಾಗಗಳಿವೆ. ತೊಟ್ಟಿಯ ತಳದಲ್ಲಿರುವ ಕೊಳವೆಗಳಲ್ಲಿ ಗ್ಯಾಸು ದ್ರವರೂಪದಲ್ಲಿ ಬಂದು, ಹಾಲಿನ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಫ್ಯಾನಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿ ಆ ಶಾಖವನ್ನು ಗಾಳಿಗೆ ಬಿಟ್ಟು ಆವಿಯನ್ನು ಮತ್ತೆ ದ್ರವ ಮಾಡುತ್ತದೆ. ಕೊನೆಗೆ ಒಂದು ಸಣ್ಣ ವಾಲ್ವು ಒತ್ತಡ ಇಳಿಸಿ ಅದನ್ನು ತೊಟ್ಟಿಯ ತಳಕ್ಕೆ ಮರಳಿ ಕಳಿಸುತ್ತದೆ. ಈ ಸುತ್ತು ನಡೆಯುತ್ತಲೇ ಇರುತ್ತದೆ.

ಶಾಖವನ್ನು ಹೀಗೆ ಎತ್ತಬಹುದು ಎಂಬ ವಿಚಾರ ಹಳೆಯದು. 1852ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಥಾಮ್ಸನ್ ಈ ರೀತಿ ಮನೆಗಳನ್ನು ಬೆಚ್ಚಗೆ ಮಾಡಬಹುದೆಂದು ತೋರಿಸಿದ್ದರು. ಅದೇ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಉಪ್ಪಿನ ಕಾರ್ಖಾನೆಯೊಂದಕ್ಕೆ ಇಂಥ ಯಂತ್ರ ಕಟ್ಟಿದರು. ಇಂದು ನಾರ್ವೆ, ಸ್ವೀಡನ್, ಫಿನ್ಲೆಂಡ್‌ನಂತಹ ಹಿಮದ ದೇಶಗಳಲ್ಲಿ ಲಕ್ಷಾಂತರ ಮನೆಗಳು ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖವನ್ನು ಎತ್ತಿ ಮನೆಯೊಳಗೆ ತುಂಬಿಕೊಳ್ಳುತ್ತವೆ. ನಮ್ಮ ಬಿ.ಎಂ.ಸಿ.ಯೂ ಅದೇ ಯಂತ್ರ. ಅವರಿಗೆ ಬೇಕಾದದ್ದು ಬಿಸಿಯ ಕಡೆ, ನಮಗೆ ಬೇಕಾದದ್ದು ತಂಪಿನ ಕಡೆ.

ಆ ದೇಶದವರು ಯಂತ್ರ ಕೊಳ್ಳುವಾಗ ಪಾಲಿಸುವ ಒಂದು ನಿಯಮ ನಮಗೂ ಬೇಕಾದದ್ದು. ಹಿತವಾದ ದಿನದಲ್ಲಿ ಯಂತ್ರ ಎಷ್ಟು ಶಾಖ ಕೊಡುತ್ತದೆ ಎಂಬುದನ್ನು ಅವರು ನೋಡುವುದಿಲ್ಲ. ವರ್ಷದ ಅತಿ ಚಳಿಯ ರಾತ್ರಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದಾಗ, ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ಯಂತ್ರ ಹೆಚ್ಚು ಬೇಕಾಗುವುದು ಅಂದೇ, ಅದರ ಶಕ್ತಿ ಕುಗ್ಗುವುದೂ ಅಂದೇ. ನಮಗೆ ಆ ರಾತ್ರಿಯ ಬದಲಿಗೆ ಮೇ ತಿಂಗಳ ಸಂಜೆ ಇದೆ.

ಬಿಸಿಲು ಏರಿದರೆ ಏನಾಗುತ್ತದೆ?

ಬಾವಿಯ ನೀರು ಆಳಕ್ಕೆ ಇಳಿದಷ್ಟೂ ಪಂಪ್‌ಸೆಟ್ ಕಡಿಮೆ ನೀರು ಎತ್ತುತ್ತದೆ, ಕರೆಂಟು ಹೆಚ್ಚು ತಿನ್ನುತ್ತದೆ. ಶಾಖದ ಪಂಪಿಗೆ ಹೊರಗಿನ ಬಿಸಿಲೇ ಬಾವಿಯ ಆಳ. ಚಳಿಗಾಲದ ಮುಂಜಾನೆ ಹೊರಗೆ 18 ಡಿಗ್ರಿ ಇದ್ದಾಗ ಶಾಖವನ್ನು ಸ್ವಲ್ಪವೇ ಎತ್ತರಕ್ಕೆ ಎತ್ತಿದರೆ ಸಾಕು. ಯಾದಗಿರಿ ಜಿಲ್ಲೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಕಂಡೆನ್ಸರ್ ಹೊರಗಿನ ಗಾಳಿಗಿಂತ 12ರಿಂದ 15 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಮಾತ್ರ ಶಾಖ ಹೊರಗೆ ಹೋಗುತ್ತದೆ. ಅಂದರೆ ಅಂಥ ದಿನ ಯಂತ್ರ ಶಾಖವನ್ನು 55 ಡಿಗ್ರಿಯವರೆಗೆ ಎತ್ತಬೇಕು.

ಲೆಕ್ಕ ಹಾಕಿ ನೋಡೋಣ. 1000 ಲೀಟರ್ ಹಾಲು ಸುಮಾರು 1030 ಕಿಲೋ ತೂಗುತ್ತದೆ. ಒಂದು ಕಿಲೋ ಹಾಲನ್ನು ಒಂದು ಡಿಗ್ರಿ ಇಳಿಸಲು ಸುಮಾರು 0.93 ಕಿಲೋ ಕ್ಯಾಲೊರಿ ಶಾಖ ತೆಗೆಯಬೇಕು. ಸಂಘಕ್ಕೆ ಬರುವ ಹೊತ್ತಿಗೆ ಹಾಲು 35 ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿಂದ 4ಕ್ಕೆ ತರಲು ಒಟ್ಟು 30,000 ಕಿಲೋ ಕ್ಯಾಲೊರಿಯಷ್ಟು ಶಾಖ ಹೊರಹೋಗಬೇಕು. ವಿದ್ಯುತ್ ಲೆಕ್ಕದಲ್ಲಿ ಇದು 35 ಯೂನಿಟ್.

ಆದರೆ ಬಿಲ್ಲಿನಲ್ಲಿ 35 ಯೂನಿಟ್ ಬರುವುದಿಲ್ಲ. ಎತ್ತುವ ಕೆಲಸಕ್ಕೆ ಮಾತ್ರ ಕರೆಂಟು ಬೇಕು. ಚಳಿಗಾಲದಲ್ಲಿ ಒಂದು ಯೂನಿಟ್ ಕರೆಂಟಿಗೆ ಯಂತ್ರ ಸುಮಾರು 3 ಯೂನಿಟ್ ಶಾಖ ಎತ್ತಿದರೆ 12 ಯೂನಿಟ್ ಸಾಕು. ಕಡು ಬೇಸಿಗೆಯಲ್ಲಿ 2 ಯೂನಿಟ್ ಮಾತ್ರ ಎತ್ತಿದರೆ 17ರಿಂದ 18 ಯೂನಿಟ್ ಬೇಕಾಗುತ್ತದೆ. ಕಲಕುವ ಮೋಟರು, ಫ್ಯಾನುಗಳ ಖರ್ಚು ಇದರ ಮೇಲೆ. ಬೇಸಿಗೆ ಬಂದಾಗ ಬಿಲ್ಲು ಏರುವುದು ಹೀಗೆ. ಬಿಲ್ಲಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಂಪು ಮಾಡುವ ವೇಗವೂ ಕುಗ್ಗುತ್ತದೆ. ಬಿಸಿಲು ಮಿತಿ ಮೀರಿದರೆ ಒತ್ತಡ ಏರಿ, ಕಂಪ್ರೆಸರನ್ನು ಕಾಪಾಡುವ ಸ್ವಿಚ್ಚು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ತೊಟ್ಟಿ ತುಂಬ ಸಂಜೆಯ ಹಾಲು ಇರುವಾಗಲೇ ಹೀಗಾದರೆ ಏನು ಗತಿ ಎಂಬುದನ್ನು ಹೇಳಬೇಕಾಗಿಲ್ಲ.

ಫಲಕದ ಮೇಲಿನ ಅಕ್ಷರಗಳನ್ನು ಓದಲು ಕಲಿಯಿರಿ

ಹಾಲಿನ ಶೀತಲ ತೊಟ್ಟಿಗಳಿಗೆ 1983ರ ಐ.ಎಸ್.ಓ. 5708 ಎಂಬ ಅಂತರರಾಷ್ಟ್ರೀಯ ಮಾನದಂಡ ಒಂದು ಗುರುತಿನ ಪದ್ಧತಿ ಹಾಕಿಕೊಟ್ಟಿದೆ. ಮಾರುವವರ ದರಪಟ್ಟಿಯಲ್ಲಿ 2 ಬಿ 2 ಅಥವಾ 2 ಎ 2 ಎಂಬಂತೆ ಬರೆದಿರುವುದು ಇದನ್ನೇ. ಇದರಲ್ಲಿ ಮೂರು ಮಾತುಗಳಿವೆ.

1. ಮೊದಲ ಅಂಕಿ: ಎಷ್ಟು ಹೊತ್ತಿನ ಹಾಲಿಗೆ ತೊಟ್ಟಿ ತಯಾರಾಗಿದೆ ಎಂಬುದು. 2 ಎಂದರೆ ಎರಡು ಹೊತ್ತಿನ ಹಾಲು, ಒಂದೊಂದು ಹೊತ್ತಿಗೆ ತೊಟ್ಟಿಯ ಅರ್ಧ. 4 ಎಂದರೆ ನಾಲ್ಕು ಹೊತ್ತು, ಒಂದೊಂದು ಹೊತ್ತಿಗೆ ಕಾಲು ಭಾಗ ಮಾತ್ರ.

2. ಅಕ್ಷರ: ಎಷ್ಟು ಬಿಸಿಲಿಗೆ ತಯಾರಾಗಿದೆ ಎಂಬುದು. ಸಿ ದರ್ಜೆಯ ಯಂತ್ರ ಹೊರಗೆ 25 ಡಿಗ್ರಿ ಇದ್ದಾಗ ಹೇಳಿದ ವೇಗದಲ್ಲಿ ತಂಪು ಮಾಡುತ್ತದೆ, 32 ಡಿಗ್ರಿಯವರೆಗೆ ನಿಲ್ಲದೆ ನಡೆಯುತ್ತದೆ. ಬಿ ದರ್ಜೆಗೆ ಈ ಅಂಕಿಗಳು 32 ಮತ್ತು 38. ಎ ದರ್ಜೆಗೆ 38 ಮತ್ತು 43.

3. ಕೊನೆಯ ಅಂಕಿ: ಎಷ್ಟು ಹೊತ್ತಿನಲ್ಲಿ ಎಂಬುದು. 35 ಡಿಗ್ರಿಯ ಹಾಲನ್ನು 4 ಡಿಗ್ರಿಗೆ ತರಲು 1ನೇ ದರ್ಜೆಗೆ ಎರಡೂವರೆ ತಾಸು, 2ನೇ ದರ್ಜೆಗೆ 3 ತಾಸು, 3ನೇ ದರ್ಜೆಗೆ ಮೂರೂವರೆ ತಾಸು.

ಇಷ್ಟು ತಿಳಿದರೆ ನಮ್ಮ ಜಿಲ್ಲೆಗೆ ಯಾವುದು ಸರಿ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. 38 ಡಿಗ್ರಿಗೆ ಮಿತಿ ಮುಗಿಯುವ ಬಿ ದರ್ಜೆಯ ಯಂತ್ರ ತಂಪು ಪ್ರದೇಶದ ಸಂಘಕ್ಕೆ ಚೆನ್ನಾಗಿಯೇ ನಡೆಯಬಹುದು. ಅದೇ ಯಂತ್ರ ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆಯಲ್ಲಿ ಮಿತಿ ಮೀರಿ ದುಡಿಯಬೇಕಾಗುತ್ತದೆ. ನಮಗೆ ಎ ದರ್ಜೆಯೇ ಬೇಕು. ಬೆಲೆ ಸ್ವಲ್ಪ ಹೆಚ್ಚಾದರೂ ಇದರಲ್ಲಿ ಉಳಿತಾಯ ಹುಡುಕಬಾರದು.

ಎಷ್ಟು ಲೀಟರಿನ ತೊಟ್ಟಿ?

ಒಂದು ಸಂಘದಲ್ಲಿ ಮುಂಜಾನೆ 450 ಲೀಟರ್, ಸಂಜೆ 350 ಲೀಟರ್ ಹಾಲು ಬರುತ್ತದೆ ಎಂದುಕೊಳ್ಳಿ. ಟ್ಯಾಂಕರ್ ದಿನಕ್ಕೊಮ್ಮೆ ಬರುತ್ತದೆ. ಒಟ್ಟು 800 ಲೀಟರ್. 1000 ಲೀಟರಿನ ತೊಟ್ಟಿ ಸಾಕು ಎನ್ನಿಸುತ್ತದೆ. ಅದು ಎರಡು ಹೊತ್ತಿನ ತೊಟ್ಟಿಯಾದರೆ ಸಾಕು. ಒಂದು ಹೊತ್ತಿಗೆ 500 ಲೀಟರ್ ತಂಪು ಮಾಡುವ ಶಕ್ತಿ ಅದಕ್ಕಿದೆ.

ಅದೇ 1000 ಲೀಟರಿನ ತೊಟ್ಟಿ ನಾಲ್ಕು ಹೊತ್ತಿನದಾಗಿದ್ದರೆ? ಒಂದು ಹೊತ್ತಿಗೆ 250 ಲೀಟರಿಗೆ ಮಾತ್ರ ಅದರ ಕಂಪ್ರೆಸರ್ ತಯಾರಾಗಿರುತ್ತದೆ. 250 ಲೀಟರಿಗೆ 3 ತಾಸು ಬೇಕಾದ ಕಡೆ 450 ಲೀಟರಿಗೆ ಸುಮಾರು ಐದೂವರೆ ತಾಸು ಬೇಕಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತೊಟ್ಟಿಗಳೆರಡೂ ನೋಡಲು ಒಂದೇ, ಲೀಟರೂ ಒಂದೇ, ಬೆಲೆ ಮಾತ್ರ ಎರಡನೆಯದಕ್ಕೆ ಕಡಿಮೆ. ಕಡಿಮೆ ದರದ ಟೆಂಡರು ಒಪ್ಪುವ ಮುನ್ನ ಆಡಳಿತ ಮಂಡಳಿ ಈ ಒಂದು ಅಂಕಿಯನ್ನು ತಪ್ಪದೆ ನೋಡಬೇಕು. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುವ ಕಡೆ ದೊಡ್ಡ ತೊಟ್ಟಿಯೊಡನೆ ನಾಲ್ಕು ಹೊತ್ತಿನ ದರ್ಜೆ ಸರಿ.

ಬಹಳ ದೊಡ್ಡ ತೊಟ್ಟಿ ತರುವುದೂ ಜಾಣತನವಲ್ಲ. ಕಲಕುವ ಎಲೆಗೆ ಮುಟ್ಟದಷ್ಟು ಕಡಿಮೆ ಹಾಲಿದ್ದರೆ ತಳದಲ್ಲಿ ಹಾಲು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ, ಜಿಡ್ಡು ಬೇರ್ಪಡುತ್ತದೆ. ಸಾಮಾನ್ಯವಾಗಿ ತೊಟ್ಟಿಯ ಹತ್ತನೆಯ ಒಂದು ಭಾಗವಾದರೂ ಹಾಲು ಬಿದ್ದ ಮೇಲೆಯೇ ಯಂತ್ರ ಚಾಲೂ ಮಾಡಬೇಕು. ಕಳೆದ ವರ್ಷದ ಹಾಲಿನ ಲೆಕ್ಕದ ಪುಸ್ತಕ ತೆಗೆದು, ಅತಿ ಹೆಚ್ಚು ಬಂದ ತಿಂಗಳು, ಅತಿ ಕಡಿಮೆ ಬಂದ ತಿಂಗಳು ಎರಡನ್ನೂ ನೋಡಿ. ಮಳೆಗಾಲದ ನಂತರ ಹಸಿ ಮೇವು ಇರುವಾಗಿನ ಹಾಲಿಗೂ, ಮೇವು ನೀರು ಒಣಗಿದ ಮೇ ತಿಂಗಳ ಹಾಲಿಗೂ ಬಹಳ ಅಂತರವಿರುತ್ತದೆ.

ದಿನಕ್ಕೆ ಮುನ್ನೂರು ನಾನ್ನೂರು ಲೀಟರ್ ಮಾತ್ರ ಬರುವ ಸಣ್ಣ ಸಂಘಗಳು ಸ್ವಂತ ಯಂತ್ರಕ್ಕೆ ಆತುರಪಡಬಾರದು. ನೆರೆಯ ನಾಲ್ಕೈದು ಊರುಗಳು ಸೇರಿ ನಡುವಿನ ಊರಿನಲ್ಲಿ ಒಂದೇ ಘಟಕ ಮಾಡಿಕೊಳ್ಳುವುದು ಮೇಲು. ಇದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಮೊದಲ ಎಮ್ಮೆ ಕರೆದ ಹೊತ್ತಿನಿಂದ ಆ ಹಾಲು ಯಂತ್ರಕ್ಕೆ ಬೀಳುವವರೆಗೆ ಎರಡು ತಾಸು, ಹೆಚ್ಚೆಂದರೆ ಎರಡೂವರೆ ತಾಸು. ಅಷ್ಟರಲ್ಲಿ ಕ್ಯಾನು ಮುಟ್ಟುವಷ್ಟು ಹತ್ತಿರದ ಊರೇ ನಿಮ್ಮ ಕೇಂದ್ರ.

ಕರೆಂಟಿನ ವ್ಯವಸ್ಥೆ

ಮೇಲೆ ಹೇಳಿದ 1000 ಲೀಟರಿನ, ಎರಡು ಹೊತ್ತಿನ ತೊಟ್ಟಿಗೆ ಸುಮಾರು 3 ಕಿಲೋವ್ಯಾಟ್ ಆಸುಪಾಸಿನ ಕಂಪ್ರೆಸರ್ ಬೇಕಾಗುತ್ತದೆ. ಜೆಸ್ಕಾಂ ಸಂಪರ್ಕ ಪಡೆಯುವಾಗ, ತಮ್ಮ ಘಟಕ ಊರಿನ ಮನೆಗಳ ಮಾರ್ಗದಲ್ಲಿದೆಯೋ ಅಥವಾ ಪಂಪ್‌ಸೆಟ್ಟುಗಳ ಮಾರ್ಗದಲ್ಲಿದೆಯೋ ಎಂದು ಕೇಳಿ ತಿಳಿಯಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಇವೆರಡನ್ನು ಬೇರೆ ಮಾಡಲಾಗಿದೆ. ದಿನಕ್ಕೆ ಕೆಲವೇ ತಾಸು ಮೂರು ಫೇಸ್ ಬರುವ ಪಂಪ್‌ಸೆಟ್ ಮಾರ್ಗದ ಮೇಲೆ ಹಾಲಿನ ಯಂತ್ರ ನಡೆಯದು.

ಊರಿನ ಮಾರ್ಗವೇ ಇದ್ದರೂ ಜನರೇಟರ್ ಬೇಕೇ ಬೇಕು. ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆದ್ದರಿಂದ ಜನರೇಟರ್ ಶಕ್ತಿ ಯಂತ್ರದ ಎರಡು ಎರಡೂವರೆ ಪಟ್ಟು ಇರಲಿ. ವೋಲ್ಟೇಜು ಕುಸಿದಾಗ, ಒಂದು ಫೇಸ್ ಹೋದಾಗ ಯಂತ್ರವನ್ನು ನಿಲ್ಲಿಸುವ ರಕ್ಷಣಾ ಸಾಧನ ಇರಲೇಬೇಕು. ಸುಟ್ಟ ಕಂಪ್ರೆಸರ್ ಬದಲಿಸುವ ಖರ್ಚಿನ ಮುಂದೆ ಇದರ ಬೆಲೆ ಏನೂ ಅಲ್ಲ.

ಕರೆಂಟು ಬಹಳ ಕೈಕೊಡುವ ಊರಿಗೆ ಇನ್ನೊಂದು ಬಗೆಯ ಯಂತ್ರವಿದೆ. ಅದು ಕರೆಂಟು ಇದ್ದಾಗ ನೀರನ್ನು ಮಂಜುಗಡ್ಡೆ ಮಾಡಿ ಇಟ್ಟುಕೊಂಡು, ಹಾಲು ಬಂದಾಗ ಆ ತಂಪಿನಿಂದ ಹಾಲನ್ನು ಬೇಗ ಇಳಿಸುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋ ಕ್ಯಾಲೊರಿ ಶಾಖ ಹೀರುತ್ತದೆ. 1000 ಲೀಟರ್ ಹಾಲಿಗೆ 375 ಕಿಲೋದಷ್ಟು ಮಂಜುಗಡ್ಡೆ ಸಂಗ್ರಹವಿರಬೇಕು. ಆದರೆ ಮಂಜುಗಡ್ಡೆ ಕಟ್ಟಲು ಯಂತ್ರ ಸೊನ್ನೆಗಿಂತ ಸಾಕಷ್ಟು ಕೆಳಗೆ ಇಳಿಯಬೇಕಾದ್ದರಿಂದ ಕರೆಂಟು ಹೆಚ್ಚು ತಗಲುತ್ತದೆ. ರಾತ್ರಿಯ ತಂಪಿನಲ್ಲಿ ಗಡ್ಡೆ ಕಟ್ಟಿಸಿದರೆ ಈ ಹೊರೆ ಸ್ವಲ್ಪ ಇಳಿಯುತ್ತದೆ.

ಯಂತ್ರ ಕೂಡಿಸುವ ಜಾಗ

ಎ ದರ್ಜೆಯ ಯಂತ್ರ ತಂದು ತಗಡಿನ ಶೆಡ್ಡಿನೊಳಗೆ ಬಾಗಿಲು ಮುಚ್ಚಿ ಕೂಡಿಸಿದರೆ ಕೊಟ್ಟ ಹಣ ವ್ಯರ್ಥ. 1000 ಲೀಟರ್ ಹಾಲಿನಿಂದ ತೆಗೆದ 35 ಯೂನಿಟ್ ಶಾಖ, ಅದರ ಮೇಲೆ ಯಂತ್ರ ತಿಂದ 15 ಯೂನಿಟ್, ಒಟ್ಟು 50 ಯೂನಿಟ್ ಶಾಖ ಕಂಡೆನ್ಸರಿನಿಂದ ಹೊರಬರುತ್ತದೆ. ಇದು ಒಂದು ಕಿಲೋವ್ಯಾಟಿನ ಹತ್ತು ಹೀಟರುಗಳನ್ನು ಐದು ತಾಸು ಹಚ್ಚಿಟ್ಟಂತೆ. ಮುಚ್ಚಿದ ಕೋಣೆಯಲ್ಲಿ ಈ ಶಾಖ ಸುತ್ತಿ ಬಂದು ಮತ್ತೆ ಕಂಡೆನ್ಸರಿಗೇ ಬಡಿಯುತ್ತದೆ. ಹೊರಗೆ 40 ಡಿಗ್ರಿ ಇದ್ದರೆ ಯಂತ್ರದ ಪಾಲಿಗೆ 48 ಆಗುತ್ತದೆ.

ಆದ್ದರಿಂದ,

• ಕಂಡೆನ್ಸರನ್ನು ಕಟ್ಟಡದ ಉತ್ತರ ಅಥವಾ ಪೂರ್ವದ ಕಡೆ, ಹೊರಗೆ, ನೆರಳಿನಲ್ಲಿ ಕೂಡಿಸಿ. ಪಡುವಣ ಬಿಸಿಲು ಬೀಳಬಾರದು. ಬೇವಿನ ಮರದ ನೆರಳು ಬಹಳ ಒಳ್ಳೆಯದು, ಆದರೆ ಉದುರಿದ ಎಲೆ ಜಾಲರಿಗೆ ಅಂಟದಂತೆ ನೋಡಿಕೊಳ್ಳಿ.
• ಗಾಳಿ ಒಳಹೋಗುವ ಕಡೆ, ಹೊರಬರುವ ಕಡೆ ಎರಡೂ ತೆರವಿರಲಿ. ಖಾಲಿ ಕ್ಯಾನು, ಪಶು ಆಹಾರದ ಚೀಲ ಒಟ್ಟಬೇಡಿ.
• ಶಹಾಬಾದಿ ಪರಸಿಯ ಛಾವಣಿ ಹಗಲೆಲ್ಲ ಕಾದು ಸಂಜೆ ಶಾಖವನ್ನು ಒಳಗೆ ಬಿಡುತ್ತದೆ. ತೊಟ್ಟಿ ಇರುವ ಕೋಣೆಯ ಮೇಲ್ಭಾಗಕ್ಕೆ ಸುಣ್ಣ ಬಳಿಸಿ, ಎತ್ತರದಲ್ಲಿ ಗಾಳಿ ಕಿಂಡಿ ಬಿಡಿಸಿ.
• ತೊಗರಿ, ಜೋಳದ ರಾಶಿ ನಡೆಯುವ ದಿನಗಳಲ್ಲಿ ಹೊಟ್ಟು, ದೂಳು ಜಾಲರಿಯನ್ನು ಮುಚ್ಚುತ್ತವೆ. ವಾರಕ್ಕೊಮ್ಮೆ ಯಂತ್ರ ನಿಲ್ಲಿಸಿ ಮೃದುವಾದ ಬ್ರಷ್ಷಿನಿಂದ ಒರೆಸಿ. ಜಾಲರಿಯ ತೆಳು ಎಲೆಗಳು ಬಾಗಬಾರದು.

ಚೆಲ್ಲಿಹೋಗುವ ಶಾಖವನ್ನು ಹಿಡಿಯಬಹುದೇ?

ಹಿಡಿಯಬಹುದು. ಹಿಮದ ದೇಶದವರು ಮನೆ ಬೆಚ್ಚಗೆ ಮಾಡಲು ಬಳಸುವ ಶಾಖ ನಮ್ಮಲ್ಲಿ ಗಾಳಿಗೆ ಹೋಗುತ್ತಿದೆ. ತೊಟ್ಟಿ, ಕ್ಯಾನು ತೊಳೆಯಲು ನಮಗೆ ದಿನವೂ ಬಿಸಿ ನೀರು ಬೇಕು. ಕಂಪ್ರೆಸರಿನಿಂದ ಬರುವ ಬಿಸಿ ಗ್ಯಾಸನ್ನು ಮೊದಲು ನೀರಿನ ತೊಟ್ಟಿಯ ಮೂಲಕ ಹಾಯಿಸುವ ಸಾಧನವನ್ನು ಬಿ.ಎಂ.ಸಿ.ಗೆ ಜೋಡಿಸಬಹುದು. ಅದು ನೀರನ್ನು 50ರಿಂದ 55 ಡಿಗ್ರಿಯವರೆಗೆ ಕಾಯಿಸುತ್ತದೆ. ತೊಳೆಯುವ ದ್ರಾವಣಕ್ಕೆ 60 ಡಿಗ್ರಿ ಮೇಲ್ಪಟ್ಟು ಬೇಕಾದರೆ ಉಳಿದ ಸ್ವಲ್ಪವನ್ನು ಮಾತ್ರ ಹೀಟರಿನಿಂದ ಏರಿಸಿದರಾಯಿತು.

ಹೊರಬರುವ 50 ಯೂನಿಟ್ ಶಾಖದಲ್ಲಿ ಅರ್ಧ ಹಿಡಿದರೂ ಸುಮಾರು 700 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಏರುತ್ತದೆ. ಇಷ್ಟು ನೀರು ಸಂಘಕ್ಕೆ ಬೇಕಾಗಿಲ್ಲ. 200 ಲೀಟರ್ ಸಾಕೆಂದರೂ ದಿನಕ್ಕೆ 7 ಯೂನಿಟ್, ವರ್ಷಕ್ಕೆ 2500 ಯೂನಿಟ್ ಗೀಜರಿನ ಖರ್ಚು ಉಳಿಯುತ್ತದೆ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ, ಸಾಧನದ ಬೆಲೆಯೊಡನೆ ಹೋಲಿಸಿ ತೀರ್ಮಾನಿಸಿ. ಗ್ಯಾಸಿನ ಶಾಖ ಒಂದಷ್ಟು ನೀರಿಗೆ ಹೋಗುವುದರಿಂದ ಕಂಡೆನ್ಸರಿನ ಹೊರೆಯೂ ಇಳಿಯುತ್ತದೆ. ಬೇಸಿಗೆಯಲ್ಲಿ ಇದೂ ಒಂದು ಲಾಭವೇ.

ತಣ್ಣೀರಿನಿಂದ ಹಾಲನ್ನು ಮೊದಲೇ ಸ್ವಲ್ಪ ಇಳಿಸುವ ಪದ್ಧತಿಯ ಬಗ್ಗೆ ಕೆಲವರು ಕೇಳುತ್ತಾರೆ. ಚಳಿ ದೇಶಗಳಲ್ಲಿ ಬಾವಿ ನೀರು 10, 12 ಡಿಗ್ರಿ ಇರುವುದರಿಂದ ಅರ್ಧಕ್ಕಿಂತ ಹೆಚ್ಚು ಶಾಖ ಅದರಲ್ಲಿಯೇ ಹೋಗುತ್ತದೆ. ನಮ್ಮ ಬೋರ್‌ವೆಲ್ ನೀರು 27, 28 ಡಿಗ್ರಿಯ ಆಸುಪಾಸು ಇರುತ್ತದೆ. 35 ಡಿಗ್ರಿಯ ಹಾಲು 30ಕ್ಕೆ ಇಳಿದರೆ ಹೆಚ್ಚು. ಬೇಸಿಗೆಯಲ್ಲಿ ನೀರಿಗೇ ಪರದಾಡುವ ಊರಿನಲ್ಲಿ ಇದಕ್ಕೆ ಹಣ ಹಾಕುವುದು ಬೇಡ.

ಯಾವ ಗ್ಯಾಸು?

ಹಳೆಯ ಯಂತ್ರಗಳಲ್ಲಿ ಆರ್ 22 ಎಂಬ ಗ್ಯಾಸು ಇರುತ್ತದೆ. ಭೂಮಿಯ ಓಜೋನ್ ಪದರಕ್ಕೆ ಹಾನಿ ಮಾಡುವ ಇಂಥ ಗ್ಯಾಸುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಂತಹಂತವಾಗಿ ಕೈಬಿಡಲಾಗುತ್ತಿದೆ. ನಮ್ಮ ದೇಶ ಇದಕ್ಕೆ 2030ರ ಗಡುವು ಇಟ್ಟುಕೊಂಡಿದೆ. ಹಳೆಯ ಯಂತ್ರಗಳ ರಿಪೇರಿಗೆ ಮಾತ್ರ ಅನಂತರವೂ ಸ್ವಲ್ಪ ಅವಕಾಶವಿದೆ. ಬೇರೆಡೆ ಬಳಸಿದ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಆರ್ 22ರ ಯಂತ್ರ ತಂದರೆ ಮುಂದೆ ಗ್ಯಾಸಿಗಾಗಿ ಅಲೆಯಬೇಕಾಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಆರ್ 404 ಎ ಗ್ಯಾಸು ಓಜೋನಿಗೆ ಹಾನಿ ಮಾಡುವುದಿಲ್ಲ, ಆದರೆ ಭೂಮಿಯ ತಾಪ ಏರಿಸುವುದರಲ್ಲಿ ಬಹಳ ಜೋರು. ಅದನ್ನೂ 2016ರ ಕಿಗಾಲಿ ತಿದ್ದುಪಡಿಯ ಪ್ರಕಾರ ಮುಂದೆ ಇಳಿಸುತ್ತಾ ಹೋಗಬೇಕಾಗುತ್ತದೆ. ಯಾವ ಗ್ಯಾಸಾದರೂ ಸರಿ, ಅದನ್ನು ತುಂಬಬಲ್ಲ ತಂತ್ರಜ್ಞ ಒಂದೇ ದಿನದಲ್ಲಿ ನಿಮ್ಮ ಊರು ಮುಟ್ಟುವಂತಿರಬೇಕು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅಧ್ಯಕ್ಷರು, ಕಾರ್ಯದರ್ಶಿಗಳು ಈ ಪಟ್ಟಿಯನ್ನು ಕತ್ತರಿಸಿ ಸಂಘದ ಕಡತದಲ್ಲಿ ಇಟ್ಟುಕೊಳ್ಳಬಹುದು.

1. ಯಂತ್ರ ಎ ದರ್ಜೆಯದೇ? ಲಿಖಿತವಾಗಿ ಕೊಡುವಿರಾ?
2. ಎಷ್ಟು ಹೊತ್ತಿನ ಹಾಲಿಗೆ? ಒಂದು ಹೊತ್ತಿಗೆ ಎಷ್ಟು ಲೀಟರ್?
3. ಹೊರಗೆ 40 ಡಿಗ್ರಿ ಇದ್ದಾಗ ನಮ್ಮ ಮುಂಜಾನೆಯ ಹಾಲು 4 ಡಿಗ್ರಿಗೆ ಎಷ್ಟು ತಾಸಿನಲ್ಲಿ ಇಳಿಯುತ್ತದೆ?
4. 40 ಡಿಗ್ರಿಯಲ್ಲಿ 1000 ಲೀಟರಿಗೆ ಎಷ್ಟು ಯೂನಿಟ್ ತಗಲುತ್ತದೆ?
5. ಕರೆಂಟು ಹೋದರೆ ತೊಟ್ಟಿ ತಂಪನ್ನು ಎಷ್ಟು ಹೊತ್ತು ಹಿಡಿಯುತ್ತದೆ? ನಾಲ್ಕು ತಾಸಿನಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಏರಬಾರದು.
6. ಯಾವ ಗ್ಯಾಸು? ಬಿಡಿಭಾಗ ಎಲ್ಲಿ ಸಿಗುತ್ತದೆ? ರಿಪೇರಿಗೆ ಬರಲು ಎಷ್ಟು ಹೊತ್ತು?
7. ಬಿಸಿ ನೀರಿನ ಸಾಧನ ಈಗಲೇ ಜೋಡಿಸುವಿರಾ? ಮುಂದೆ ಜೋಡಿಸಲು ಅವಕಾಶವಿದೆಯೇ?

ಇನ್ನೊಂದು ಮುಖ್ಯ ಸಲಹೆ. ಚಳಿಗಾಲದಲ್ಲಿ ಕೂಡಿಸಿದ ಯಂತ್ರ ಅಂದು ಚೆನ್ನಾಗಿಯೇ ನಡೆಯುತ್ತದೆ. ಅಷ್ಟಕ್ಕೆ ಪೂರ್ತಿ ಹಣ ಕೊಡಬೇಡಿ. ಕೊನೆಯ ಕಂತನ್ನು ಮುಂದಿನ ಏಪ್ರಿಲ್ ಅಥವಾ ಮೇ ತಿಂಗಳ ಪರೀಕ್ಷೆಯ ನಂತರ ಕೊಡುವುದಾಗಿ ಕರಾರಿನಲ್ಲಿಯೇ ಬರೆಸಿ. ಪರೀಕ್ಷೆ ಕಷ್ಟವಲ್ಲ. ಹಾಲು ಬಿದ್ದ ಹೊತ್ತು, ಆಗಿನ ಉಷ್ಣತೆ, 4 ಡಿಗ್ರಿ ಮುಟ್ಟಿದ ಹೊತ್ತು, ಮೀಟರಿನ ಎರಡು ಅಂಕಿ, ಇಷ್ಟನ್ನು ಮೂರು ದಿನ ಬರೆದರೆ ಸಾಕು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಹೈನು ಅಭಿವೃದ್ಧಿ ಕಾರ್ಯಕ್ರಮದಲ್ಲಿ ಬಿ.ಎಂ.ಸಿ.ಗಳಿಗೆ ನೆರವು ದೊರೆಯುತ್ತದೆ. ನೆರವಿನಲ್ಲಿ ಬಂದ ಯಂತ್ರಕ್ಕೂ ಈ ಪರೀಕ್ಷೆ ಅನ್ವಯಿಸಬೇಕು. ಬಿಟ್ಟಿ ಬಂದ ಯಂತ್ರದಲ್ಲಿ ಕೆಟ್ಟ ಹಾಲು ಬಿಟ್ಟಿಯದಲ್ಲ.

ಯಂತ್ರ ಬಂದ ಮೇಲೆಯೂ ಇದೇ ಲೆಕ್ಕವನ್ನು ತಿಂಗಳಿಗೊಮ್ಮೆ ಬರೆದಿಡಿ. ಕಳೆದ ಬೇಸಿಗೆಯಲ್ಲಿ 18 ಯೂನಿಟ್ ತಗಲುತ್ತಿದ್ದದ್ದು ಈ ಬೇಸಿಗೆಯಲ್ಲಿ 25 ಆಗಿದ್ದರೆ ಜಾಲರಿ ಕಟ್ಟಿದೆ ಅಥವಾ ಗ್ಯಾಸು ಸೋರಿದೆ ಎಂದು ತಿಳಿಯಬೇಕು. ಯಂತ್ರ ನಿಲ್ಲುವ ಮುನ್ನವೇ ಮೀಟರು ಇದನ್ನು ಹೇಳುತ್ತದೆ.

ಸದಸ್ಯರ ಪಾಲಿನ ಕೆಲಸ

ಎಂಥ ಯಂತ್ರ ತಂದರೂ ಅರ್ಧ ಕೆಲಸ ಕೊಟ್ಟಿಗೆಯಲ್ಲಿಯೇ ಆಗಬೇಕು. ಕೆಚ್ಚಲು ತೊಳೆದು ಒರೆಸಿ ಕರೆಯಿರಿ. ಮೊದಲ ನಾಲ್ಕು ಧಾರೆಗಳನ್ನು ಬೇರೆ ಪಾತ್ರೆಗೆ ಹಿಂಡಿ ನೋಡಿ. ಸ್ಟೀಲಿನ ಪಾತ್ರೆ ಬಳಸಿ. ಕೆಚ್ಚಲು ಬಾವಿನ ಹಾಲನ್ನು, ನಿನ್ನೆ ಸಂಜೆ ಉಳಿದ ಹಾಲನ್ನು ಸೇರಿಸಬೇಡಿ. ಹಾಲು ಒಡೆಯದಿರಲೆಂದು ಸೋಡಾ ಅಥವಾ ಬೇರೆ ಔಷಧ ಹಾಕುವುದು ಅಪರಾಧ, ಕುಡಿಯುವ ಮಕ್ಕಳಿಗೆ ಅಪಾಯ. ಕರೆದ ಕೂಡಲೇ ಸಂಘಕ್ಕೆ ತನ್ನಿ. ಒಬ್ಬರು ತಡಮಾಡಿ ತಂದ ಹುಳಿ ಹಾಲು ತೊಟ್ಟಿಯಲ್ಲಿರುವ ಎಲ್ಲರ ಹಾಲಿಗೂ ಸೇರುತ್ತದೆ. ಕ್ಯಾನು ಇದ್ದಾಗ ಒಂದು ಕ್ಯಾನು ಕೆಡುತ್ತಿತ್ತು, ತೊಟ್ಟಿ ಬಂದ ಮೇಲೆ ಊರಿನ ಹಾಲೆಲ್ಲ ಒಂದೇ.

ಇದಕ್ಕಾಗಿಯೇ ಯಂತ್ರದ ಆಯ್ಕೆ ಆಡಳಿತ ಮಂಡಳಿಯ ಐದಾರು ಜನರ ಕೆಲಸವೆಂದು ಸದಸ್ಯರು ಸುಮ್ಮನಿರಬಾರದು. ಮುಂದಿನ ಸಾಮಾನ್ಯ ಸಭೆಯಲ್ಲಿ ಬಿ.ಎಂ.ಸಿ. ವಿಷಯ ಬಂದಾಗ ಮೇಲಿನ ಏಳು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿ. ಲೀಟರು, ರೂಪಾಯಿ ಎರಡರ ಜೊತೆಗೆ ಬಿಸಿಲಿನ ಲೆಕ್ಕವನ್ನೂ ಸೇರಿಸಿ ತೀರ್ಮಾನಿಸಿದ ಸಂಘದ ಹಾಲು ಮೇ ತಿಂಗಳಿನಲ್ಲಿಯೂ ಒಡೆಯದೆ ಡೇರಿ ಮುಟ್ಟುತ್ತದೆ, ಬಟವಾಡೆಯ ದಿನ ಪೂರ್ತಿ ಹಣ ಕೈ ಸೇರುತ್ತದೆ.